ಹೂ ಬಿಟ್ಟ ಹೆದ್ದಾರಿ

ಯುಗಾದಿಯ ಆಸುಪಾಸಿನಲ್ಲಿ ಟೆಕ್ಸಸ್‌ನ ಕನ್ನಡಿಗರು ಒಬ್ಬರಿಗೊಬ್ಬರು ಕಳಿಸುವ ಫೋಟೋಗಳಲ್ಲಿ ಒಂದು ದೃಶ್ಯ ತಪ್ಪುವುದಿಲ್ಲ: ಹೆದ್ದಾರಿಯ ಪಕ್ಕ, ನೀಲಿ ಹೂಗಳ ನಡುವೆ, ರೇಷ್ಮೆ ಲಂಗ ಉಟ್ಟು ಕೂತ ಮಗು. ನಾವೂ ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ ಹೋಗುವ 290ನೇ ಹೆದ್ದಾರಿಯಲ್ಲಿ, ಬ್ರೆನಮ್ ಹತ್ತಿರ ಕಾರು ನಿಲ್ಲಿಸಿ ಇಂಥ ಫೋಟೋ ತೆಗೆದವರೇ. ಇಷ್ಟೊಂದು ಹೂವನ್ನು ಯಾರು ನೆಟ್ಟರು ಎಂದು ಬಹಳ ವರ್ಷ ಕೇಳಿಕೊಂಡಿರಲಿಲ್ಲ. ಹುಡುಕಿದಾಗ ತಿಳಿದದ್ದು ಇಷ್ಟು: ನೆಟ್ಟವರಷ್ಟೇ, ಕತ್ತರಿಸದೆ ಬಿಟ್ಟವರೂ ಈ ಕಥೆಯ ನಾಯಕರು.

ಆ ನೀಲಿ ಹೂವೇ ಬ್ಲೂಬಾನೆಟ್. 1901ರಲ್ಲಿ ಅದು ರಾಜ್ಯಪುಷ್ಪವಾಯಿತು. ಶಾಸನಸಭೆಯಲ್ಲಿ ಹತ್ತಿಯ ಪರವಾಗಿಯೂ ಪಾಪಾಸುಕಳ್ಳಿಯ ಪರವಾಗಿಯೂ ವಾದ ನಡೆದಿತ್ತಂತೆ. ಕಳ್ಳಿಯ ಪರ ನಿಂತ ಜಾನ್ ಗಾರ್ನರ್ ಮುಂದೆ ಅಮೆರಿಕದ ಉಪಾಧ್ಯಕ್ಷರಾದರೂ ‘ಕ್ಯಾಕ್ಟಸ್ ಜ್ಯಾಕ್’ ಎಂಬ ಅಡ್ಡಹೆಸರು ಅವರನ್ನು ಬಿಡಲಿಲ್ಲ!

1917ರಲ್ಲಿ ರಾಜ್ಯದ ಹೆದ್ದಾರಿ ಇಲಾಖೆ ಹುಟ್ಟಿತು. ರಸ್ತೆಗಾಗಿ ಅಗೆದು ಹಾಕಿದ ಮಣ್ಣಿನಲ್ಲಿ ಮೊದಲು ತಲೆ ಎತ್ತುವುದು ಕಾಡುಹೂಗಳೇ ಎಂಬುದನ್ನು ಅಲ್ಲಿನವರು ಗಮನಿಸಿದರು. 1930ರ ದಶಕದ ಆರಂಭದಲ್ಲಿ ಜ್ಯಾಕ್ ಗಬೆಲ್ಸ್ ಎಂಬ ಭೂದೃಶ್ಯ ತಜ್ಞರನ್ನು ನೇಮಿಸಿಕೊಂಡರು. 1934ರ ಹೊತ್ತಿಗೆ ನಿಯಮವೇ ಬಂತು: ಸುರಕ್ಷತೆಗೆ ಅಗತ್ಯವಿದ್ದಲ್ಲಿ ಹೊರತು, ಹೂವಿನ ಕಾಲ ಮುಗಿಯುವವರೆಗೆ ರಸ್ತೆಬದಿಯ ಹುಲ್ಲು ಕತ್ತರಿಸುವಂತಿಲ್ಲ.

ಇದರ ಮರ್ಮ ಗಿಡದ ಆಯುಷ್ಯದಲ್ಲಿದೆ. ಬ್ಲೂಬಾನೆಟ್ ಒಂದೇ ವರ್ಷ ಬಾಳುವ ಗಿಡ. ಶರತ್ಕಾಲದಲ್ಲಿ ಮೊಳೆತು, ಚಳಿಗಾಲವೆಲ್ಲ ನೆಲಕ್ಕಂಟಿ ಕೂತು, ಮಾರ್ಚ್-ಏಪ್ರಿಲ್‌ನಲ್ಲಿ ಅರಳುತ್ತದೆ. ನಮ್ಮ ಅವರೆ, ತೊಗರಿಯ ಕುಟುಂಬದ್ದೇ. ಹಾಗಾಗಿ ಕಾಯಿ ಒಣಗಿ ಸಿಡಿದು ಬೀಜ ಉದುರಬೇಕು. ಅದಕ್ಕೆ ಮೊದಲೇ ಯಂತ್ರ ಹರಿದರೆ ಮುಂದಿನ ವಸಂತದ ಬೀಜವೇ ಇಲ್ಲ.

ಈ ಪದ್ಧತಿಯನ್ನು ದೇಶದ ಮಾತಾಗಿಸಿದವರು ಲೇಡಿ ಬರ್ಡ್ ಜಾನ್ಸನ್. ಪೂರ್ವ ಟೆಕ್ಸಸ್‌ನ ಕಾರ್ನ್ಯಾಕ್ ಎಂಬ ಸಣ್ಣ ಊರಿನಲ್ಲಿ 1912ರಲ್ಲಿ ಹುಟ್ಟಿ, ಐದನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡವರು. ಅಧ್ಯಕ್ಷರ ಪತ್ನಿಯಾಗಿ ಅವರು ಒತ್ತಾಸೆಯಾಗಿ ನಿಂತ ಹೆದ್ದಾರಿ ಸೌಂದರ್ಯ ಕಾಯಿದೆಗೆ 1965ರ ಅಕ್ಟೋಬರ್ 22ರಂದು ಸಹಿ ಬಿತ್ತು. ದಾರಿ ಸುಗಮವಾಗಿರಲಿಲ್ಲ. ಮಸೂದೆಯಲ್ಲಿ ಸಚಿವರ ಹುದ್ದೆಯ ಹೆಸರಿದ್ದಲ್ಲೆಲ್ಲ ‘ಲೇಡಿ ಬರ್ಡ್’ ಎಂದು ಬದಲಿಸಿ ಎಂದು ಬಾಬ್ ಡೋಲ್ ಸದನದಲ್ಲಿ ಅಣಕದ ತಿದ್ದುಪಡಿ ತಂದರು. ಜಾಹೀರಾತು ಫಲಕಗಳ ಉದ್ಯಮದ ಒತ್ತಡಕ್ಕೆ ಕಾಯಿದೆ ಸಾಕಷ್ಟು ಸಡಿಲವೂ ಆಯಿತು. ಆದರೂ ಆಕೆ ಕೈಬಿಡಲಿಲ್ಲ. 1982ರಲ್ಲಿ ನಟಿ ಹೆಲೆನ್ ಹೇಯ್ಸ್ ಜೊತೆ ಆಸ್ಟಿನ್‌ನಲ್ಲಿ ಕಾಡುಹೂಗಳ ಸಂಶೋಧನಾ ಕೇಂದ್ರ ಕಟ್ಟಿದರು. 1987ರಲ್ಲಿ, ಒಕ್ಕೂಟದ ನೆರವಿನ ಹೆದ್ದಾರಿಗಳ ಹಸಿರೀಕರಣದ ಹಣದಲ್ಲಿ ಕನಿಷ್ಠ ಶೇ. 0.25 ಭಾಗ ನಾಡಹೂಗಳಿಗೆ ಸಲ್ಲಬೇಕೆಂಬ ಕಾನೂನೂ ಬಂತು. 2007ರಲ್ಲಿ ಅವರು ತೀರಿಕೊಂಡರು. ಟೆಕ್ಸಸ್‌ನ ಇಲಾಖೆ ವರ್ಷಕ್ಕೆ ಸುಮಾರು 30,000 ಪೌಂಡ್ ಬೀಜ ಬಿತ್ತುತ್ತದೆ; ಆದರೆ ಹೂ ಉಳಿಯುವುದು ಹಳೆಯ ಆ ನಿಯಮದಿಂದಲೇ.

ನಮ್ಮೂರಿನಲ್ಲಿ ಸಾಲುಮರದ ತಿಮ್ಮಕ್ಕನವರಂತೆ ನೆಟ್ಟು ನೀರೆರೆದವರನ್ನು ನೆನೆಯುತ್ತೇವೆ. ಹೊತ್ತು ನೋಡಿ ಕೈ ತಡೆದವರಿಗೆ ಹೆಸರಿರುವುದಿಲ್ಲ. ಬ್ಲೂಬಾನೆಟ್ ಕೀಳುವುದು ಅಪರಾಧ ಎಂದು ಹೊಸಬರಿಗೆ ಹೇಳಿ ಹೆದರಿಸುವುದುಂಟು. ಹಾಗೆಂದೇ ಪ್ರತ್ಯೇಕ ಕಾನೂನೇನೂ ಇಲ್ಲ. ಆದರೆ ನಾವು ಮಗುವನ್ನು ಕೂರಿಸಿದ ಜಾಗದಲ್ಲಿ ಎದ್ದು ಬಂದಾಗ ಗಿಡಗಳು ಮಲಗಿದ್ದವು. ಮುರಿದ ಗಿಡ ಕಾಯಿ ಕಟ್ಟುವುದಿಲ್ಲ ಎಂಬುದು ಆಗ ನಮಗೆ ಹೊಳೆದಿರಲಿಲ್ಲ. ಮುಂದಿನ ಯುಗಾದಿಗೆ ಫೋಟೋ ಬೇಡವೆನ್ನುವುದಿಲ್ಲ, ಸ್ನೇಹಿತರೇ. ಹೂವಿನ ಅಂಚಿನಲ್ಲೇ ನಿಂತು ತೆಗೆಯೋಣ.