ಹತ್ತು ಸಾವಿರ ಚೀಟಿಗಳು ಮತ್ತು ಒಂದು ಪುಟ್ಟ ಪದ

ತಾನು ಕೂಡಿಟ್ಟ ಪುಸ್ತಕಗಳೆಲ್ಲವನ್ನೂ ಯಂತ್ರವೊಂದಕ್ಕೆ ಒಪ್ಪಿಸಿ, ‘ಈ ವಿಷಯದ ಕುರಿತು ಇವುಗಳಲ್ಲಿ ಏನಿದೆ?’ ಎಂದು ಕೇಳುವುದು ಓದುಗನಿಗೆ ಈಗ ಸಾಧ್ಯವಾಗಿದೆ. ಮನೆಯ ಗಣಕಯಂತ್ರದಲ್ಲಿರುವ ಗ್ರಂಥಗಳನ್ನು ಕೃತಕ ಬುದ್ಧಿಮತ್ತೆಯ ಸಹಾಯಕನೊಡನೆ ಜೋಡಿಸುವ ಸಾಧನಗಳು ಕಳೆದ ಕೆಲವೇ ವರ್ಷಗಳಲ್ಲಿ ಬಂದಿವೆ. ಆದರೆ ಬಯಕೆ ಹಳೆಯದು. ಅದರ ಚರಿತ್ರೆಯಲ್ಲಿ ಸನ್ಯಾಸಿಗಳ ಪಾಲೂ ದೊಡ್ಡದು.

13ನೆಯ ಶತಮಾನದ ಪ್ಯಾರಿಸ್‌ನಲ್ಲಿ ದೊಮಿನಿಕನ್ ಸಭೆಯ ಸನ್ಯಾಸಿಗಳು, ಸೇಂ-ಶೇರ್‌ನ ಹ್ಯೂ ಎಂಬವರ ಮುಂದಾಳತ್ವದಲ್ಲಿ, ಲ್ಯಾಟಿನ್ ಬೈಬಲಿಗೆ ಪದಾನುಕ್ರಮಣಿಕೆಯೊಂದನ್ನು ಸಿದ್ಧಪಡಿಸಿದರು. ಆಗ ಬೈಬಲಿನ ವಚನಗಳಿಗೆ ಇಂದಿನಂತೆ ಸಂಖ್ಯೆಗಳಿರಲಿಲ್ಲ. ಅದಕ್ಕಾಗಿ ಪ್ರತಿ ಅಧ್ಯಾಯವನ್ನೂ ಏಳು ಭಾಗಗಳೆಂದು ಎಣಿಸಿ, ಒಂದೊಂದನ್ನೂ ಒಂದೊಂದು ಅಕ್ಷರದಿಂದ ಗುರುತಿಸಿದರು. ಪದದ ಮುಂದೆ ಗ್ರಂಥ, ಅಧ್ಯಾಯ, ಅಕ್ಷರ ಇಷ್ಟೇ, ವಾಕ್ಯವಿಲ್ಲ. ಪ್ರಬೋಧನೆಗೆ ಸಿದ್ಧತೆ ನಡೆಸುವವರು ಪ್ರತಿಯೊಂದು ಸ್ಥಳಕ್ಕೂ ಬೈಬಲನ್ನು ತೆರೆದೇ ನೋಡಬೇಕಿತ್ತು. ಇದು ಕೊರತೆಯೆಂದು ಬಗೆದು ಮುಂದಿನವರು ವಾಕ್ಯಗಳನ್ನೂ ಸೇರಿಸಿದರು. ನನಗೇನೋ ಆ ಮೊದಲನೆಯ ಬಡ ಅನುಕ್ರಮಣಿಕೆಯ ಮೇಲೆಯೇ ಒಲವು.

ಏಳು ಶತಮಾನಗಳ ತರುವಾಯ, ಎರಡನೆಯ ಮಹಾಯುದ್ಧದ ದಿನಗಳಲ್ಲಿ, ಇಟಲಿಯ ಯೇಸುಸಭೆಯ ಗುರು ರೊಬೆರ್ತೊ ಬೂಸಾ (1913–2011) ಅವರು ಸಂತ ಥಾಮಸ್ ಅಕ್ವೀನಾಸರ ಗ್ರಂಥಗಳಲ್ಲಿ ‘ಸಾನ್ನಿಧ್ಯ’ದ ಅರ್ಥವನ್ನು ಅರಸುತ್ತಿದ್ದರು. (ಅವರ ಹೆಸರು ಕನ್ನಡದ ಕಿವಿಗೆ ಹಿಂಡಿ-ಬೂಸಾವನ್ನು ನೆನಪಿಸಿದರೆ ಅದು ಅವರ ತಪ್ಪಲ್ಲ!) ಮೊದಲು ಅವರು ‘ಸಾನ್ನಿಧ್ಯ’, ‘ಸನ್ನಿಹಿತ’ ಎಂಬರ್ಥದ ಲ್ಯಾಟಿನ್ ಪದಗಳನ್ನೇ ಹುಡುಕಿದರು. ಅವು ವಿಚಾರದ ಅಂಚಿನಲ್ಲಿ ಮಾತ್ರ ಇದ್ದವು. ಸಂತರ ಚಿಂತನೆಯ ಎಳೆ ಅಡಗಿದ್ದದ್ದು ‘ಇನ್’ ಎಂಬ ಪುಟ್ಟ ಅವ್ಯಯದಲ್ಲಿ; ನಾವು ‘ಒಳಗೆ’, ‘ಅಲ್ಲಿ’ ಎನ್ನುತ್ತೇವಲ್ಲ, ಅದು. ಆ ಪದವುಳ್ಳ ವಾಕ್ಯಗಳನ್ನು ಬೂಸಾ ಅವರು ಸುಮಾರು 10,000 ಚೀಟಿಗಳಲ್ಲಿ ಕೈಯಿಂದಲೇ ಬರೆದಿಟ್ಟರು. ಪ್ರಬಂಧ 1946ರಲ್ಲಿ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ಅಂಗೀಕೃತವಾಯಿತು.

ಉಳಿದ ಪದಗಳನ್ನೂ ಹೀಗೆಯೇ ಪರಿಶೀಲಿಸಬೇಕಾದರೆ ಒಂದು ಜೀವಮಾನ ಸಾಲದು. 1949ರಲ್ಲಿ ಅವರು ನ್ಯೂಯಾರ್ಕಿಗೆ ಹೋಗಿ ಐಬಿಎಂ ಸಂಸ್ಥೆಯ ಮುಖ್ಯಸ್ಥ ಥಾಮಸ್ ವಾಟ್ಸನ್ನರನ್ನು ಕಂಡು ನೆರವು ಯಾಚಿಸಿದರು. ಸಂಸ್ಥೆಯ ಹೆಸರಿನಲ್ಲಿ ‘ಬಿಸಿನೆಸ್’ ಇದ್ದೆಡೆ ‘ಬೂಸಾ’ ಬಂದು ಕೂಡಬಾರದೆಂಬ ವಿನೋದದ ಷರತ್ತಿನೊಡನೆ ವಾಟ್ಸನ್ ಒಪ್ಪಿದರೆಂದು ಬೂಸಾ ಅವರೇ ಹೇಳಿಕೊಂಡಿದ್ದಾರೆ. ಅಲ್ಲಿಂದ ಮುಂದೆ ಮೂವತ್ತು ವರ್ಷಗಳ ಶ್ರಮ. ಮಿಲಾನ್ ಸಮೀಪದ ಗಲ್ಲರಾತೆ ಪಟ್ಟಣದಲ್ಲಿ ತರಬೇತಿ ಪಡೆದ ಯುವತಿಯರು ಲ್ಯಾಟಿನ್ ಪದಗಳನ್ನು ಪಂಚ್ ಕಾರ್ಡುಗಳಿಗೆ ಒಂದೊಂದಾಗಿ ಇಳಿಸಿದರು. ಅವರಲ್ಲಿ ಅನೇಕರಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಛಾಯಾಚಿತ್ರಗಳಲ್ಲಿ ಅವರ ಮುಖಗಳು ಉಳಿದವು, ಹೆಸರುಗಳು ಬಹುಕಾಲ ಎಲ್ಲಿಯೂ ಕಾಣಲಿಲ್ಲ. ದಶಕಗಳ ಬಳಿಕವಷ್ಟೇ ಸಂಶೋಧಕರು ಅವರಲ್ಲಿ ಕೆಲವರನ್ನು ಹುಡುಕಿ ಮಾತನಾಡಿಸಿದರು. 1 ಕೋಟಿಗೂ ಮಿಕ್ಕಿದ ಪದಗಳ ‘ಇಂಡೆಕ್ಸ್ ತೊಮಿಸ್ತಿಕುಸ್’ 1974ರಿಂದ 1980ರವರೆಗೆ 56 ಸಂಪುಟಗಳಲ್ಲಿ ಹೊರಬಂದಿತು. ಯಂತ್ರದ ಮುಖ್ಯ ಪ್ರಯೋಜನ ಶ್ರಮವನ್ನು ತಗ್ಗಿಸುವುದಲ್ಲ, ಅಧ್ಯಯನವನ್ನು ಆಳವಾಗಿಸುವುದು ಎಂಬುದು ಬೂಸಾ ಅವರ ನಿಲುವಾಗಿತ್ತು.

ಇಂದಿನ ಸಹಾಯಕನ ಕ್ರಮವೇ ಬೇರೆ. ಸಾಮಾನ್ಯವಾಗಿ ಗ್ರಂಥಗಳನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದರ ಅರ್ಥವನ್ನು ಸಂಖ್ಯೆಗಳ ಸಾಲಾಗಿ ಮಾರ್ಪಡಿಸಿ ಇಡಲಾಗುತ್ತದೆ. ಪ್ರಶ್ನೆಯೂ ಅಂಥದೇ ಸಾಲಾಗುತ್ತದೆ. ಪ್ರಶ್ನೆಗೆ ಅತಿ ಸಮೀಪವಾದ ಕೆಲವು ತುಣುಕುಗಳನ್ನು ಹೆಕ್ಕಿ ಭಾಷಾ ಮಾದರಿಯ ಮುಂದಿಟ್ಟರೆ ಅದು ಉತ್ತರವನ್ನು ಹೆಣೆಯುತ್ತದೆ. ಈ ವಿಧಾನವನ್ನು ಹೆಸರಿಸಿದ ಸಂಶೋಧನ ಲೇಖನ 2020ರದು. ಇಂಥ ಸಹಾಯಕರನ್ನು ಹೊರಗಿನ ಕಡತಗಳಿಗೂ ಸಂಗ್ರಹಗಳಿಗೂ ಜೋಡಿಸುವ ಮುಕ್ತ ನಿಯಮಾವಳಿಯೊಂದನ್ನು 2024ರ ನವೆಂಬರಿನಲ್ಲಿ ಆಂಥ್ರಾಪಿಕ್ ಸಂಸ್ಥೆ ಪ್ರಕಟಿಸಿತು. ಲಾಭವನ್ನು ಅಲ್ಲಗಳೆಯಲಾಗದು: ‘ಕರುಣೆ’ ಎಂದು ಕೇಳಿದರೆ ‘ದಯೆ’ ಎಂದು ಬರೆದಿರುವ ಪುಟವೂ ಸಿಗುತ್ತದೆ. ಹ್ಯೂ ಅವರ ಅನುಕ್ರಮಣಿಕೆಗೆ ಇದು ಎಟುಕದ ಮಾತಾಗಿತ್ತು.

ಆದರೆ ಬೂಸಾ ಅವರು ಈ ಸಹಾಯಕನನ್ನು ‘ಸಾನ್ನಿಧ್ಯ’ದ ಕುರಿತು ಕೇಳಿದ್ದರೆ? ಸಾನ್ನಿಧ್ಯವನ್ನು ನೇರವಾಗಿ ಪ್ರಸ್ತಾಪಿಸುವ ಭಾಗಗಳನ್ನೇ ಅದು ಮೊದಲು ತರುತ್ತಿತ್ತು. ಅವರು ನೋಡಿ ಬದಿಗಿಟ್ಟದ್ದು ಅವುಗಳನ್ನೇ. ‘ಇನ್’ನಂಥ ಪದಗಳನ್ನಾದರೋ ಹಳೆಯ ಹುಡುಕು ವ್ಯವಸ್ಥೆಗಳಲ್ಲಿ ಅನೇಕವು ಹೊಟ್ಟೆಂದು ತೂರಿಬಿಡುತ್ತಿದ್ದವು. ಕನ್ನಡದಲ್ಲಂತೂ ಅದು ಬಿಡಿಪದವೇ ಅಲ್ಲ: ‘ದೇವರಲ್ಲಿ’ ಎಂಬಲ್ಲಿ ನಾಮಪದದೊಳಗೇ ಕರಗಿಹೋಗಿದೆ. ಸಹಾಯಕ ಎತ್ತಿಕೊಡುವುದು ಹತ್ತೋ ಇಪ್ಪತ್ತೋ ತುಣುಕುಗಳನ್ನು. ಉತ್ತರವೋ ಎಷ್ಟು ಸುಲಲಿತವೆಂದರೆ, ಬಿಟ್ಟುಹೋದ ಪುಟಗಳ ಸುಳಿವೇ ಅದರಲ್ಲಿರುವುದಿಲ್ಲ.

ನನ್ನ ಪುಸ್ತಕಗಳನ್ನು ಜೋಡಿಸಿದ ದಿನ ಸಹಾಯಕನಿಗೆ ನಾನು ಕೊಟ್ಟ ಮೊದಲ ಸೂಚನೆ ಹೀಗಿತ್ತು: ಗ್ರಂಥ, ಅಧ್ಯಾಯ, ಪುಟ ಇಷ್ಟನ್ನೇ ಹೇಳು, ವಾಕ್ಯ ಬೇಡ.