ನೀರಡಿಕೆಯ ಲೆಕ್ಕ, ಉಪ್ಪಿನ ಸುಂಕ

ದವನದ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯಿಂದ ಯಲ್ಲಮ್ಮನ ಗುಡ್ಡದ ದಾರಿ ಹಿಡಿದವರಿಗೆ ಬಿಸಿಲೆಂದರೇನು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಏರಿ, ಕೆಲವರು ನಡೆದೇ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು ಗುಡ್ಡದ ಕಡೆ ಹೊರಡುತ್ತಾರೆ. ದಾರಿಬದಿಯ ಅರವಟ್ಟಿಗೆಯಲ್ಲಿ ಒಂದು ತಂಬಿಗೆ ನೀರನ್ನು ಗಟಗಟನೆ ಇಳಿಸಿದವನ ಮುಖ ಅರ್ಧ ನಿಮಿಷದಲ್ಲಿ ಅರಳುತ್ತದೆ. ವಿಚಿತ್ರವೆಂದರೆ, ಕುಡಿದ ನೀರು ಆಗ ಇನ್ನೂ ಹೊಟ್ಟೆಯಲ್ಲೇ ಇರುತ್ತದೆ. ಅದು ರಕ್ತ ಸೇರಿ ಪರಿಣಾಮ ತೋರಲು ಹತ್ತು ನಿಮಿಷವಾದರೂ ಬೇಕು. ಹಾಗಾದರೆ ನೀರಡಿಕೆ ಹಿಂಗಿತೆಂದು ಇಷ್ಟು ಬೇಗ ತೀರ್ಪು ಕೊಟ್ಟವರು ಯಾರು?

ಗಂಟಲು ಎಂದು ಬಹುಕಾಲ ನಂಬಲಾಗಿತ್ತು. ಬಾಯಿ ಒಣಗುವುದೇ ನೀರಡಿಕೆ ಎಂದು 1918ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ವಾದಿಸಿದ್ದರು. 1947ರಲ್ಲಿ ಇಂಗ್ಲೆಂಡಿನ ವರ್ನಿ, ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಕಣಗಳು ಮೆದುಳಿನೊಳಗೇ ಇರಬೇಕೆಂದು ತೋರಿಸಿದರು. 1953ರಲ್ಲಿ ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ ಆಡುಗಳ ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗಕ್ಕೆ ಉಪ್ಪುನೀರಿನ ಅತಿ ಸಣ್ಣ ಹನಿ ಸೇರಿಸಿದರು. ಸಾಕಷ್ಟು ನೀರು ಕುಡಿದಿದ್ದ ಆಡುಗಳು ಮತ್ತೆ ಬಕೆಟ್ಟಿಗೆ ಬಾಯಿ ಹಾಕಿದವು. ಪ್ರಶ್ನೆಗೆ ಉತ್ತರ ಗಂಟಲಿನಿಂದ ತಲೆಗೆ ಏರಿತು.

ಮೆದುಳಿಗೆ ಸಾಮಾನ್ಯವಾಗಿ ರಕ್ತದಲ್ಲಿರುವುದೆಲ್ಲ ನೇರವಾಗಿ ತಗಲುವುದಿಲ್ಲ. ನಡುವೆ ಒಂದು ತಡೆ ಇದೆ. ನೀರಡಿಕೆಯನ್ನು ನೋಡಿಕೊಳ್ಳುವ ಒಂದೆರಡು ಪುಟ್ಟ ಜಾಗಗಳಲ್ಲಿ ಮಾತ್ರ ಆ ತಡೆ ಸಡಿಲ. ಅಲ್ಲಿನ ನರಕಣಗಳು ರಕ್ತದ ರುಚಿ ನೋಡುತ್ತ ಕೂತಿವೆ ಎನ್ನಬಹುದು. ರಕ್ತ ಶೇಕಡಾ ಒಂದೆರಡರಷ್ಟು ಗಟ್ಟಿಯಾದರೂ ಸಾಕು, ಅವು ಎಚ್ಚರಗೊಳ್ಳುತ್ತವೆ. ಒಂದು ಕಡೆ ಪಿಟ್ಯೂಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ರಸ ಹೊರಟು ಮೂತ್ರಪಿಂಡಕ್ಕೆ ನೀರು ಬಿಡಬೇಡವೆಂದು ತಿಳಿಸುತ್ತದೆ. ಇನ್ನೊಂದು ಕಡೆ ನಾವು ತಂಬಿಗೆ ಹುಡುಕುತ್ತೇವೆ. ಕುಡಿಯುತ್ತಿದ್ದಂತೆ ಬಾಯಿ, ಗಂಟಲು ಮೆದುಳಿಗೆ ಸುದ್ದಿ ಕಳಿಸುತ್ತವೆ. ನೀರು ರಕ್ತಕ್ಕೆ ಸೇರುವ ಮೊದಲೇ ಮೆದುಳು ಅದನ್ನು ಜಮಾ ಹಿಡಿಯುತ್ತದೆ. ಇಲಿಗಳ ನರಕಣಗಳಲ್ಲಿ ಈ ಮುಂಗಡ ಲೆಕ್ಕ ನಡೆಯುವುದನ್ನು ಅಮೆರಿಕದ ಸಂಶೋಧಕರು 2016ರಲ್ಲಿ ಕಣ್ಣಾರೆ ಕಂಡರು.

ಇದು ನೀರಿನ ಖಾತೆ. ಆದರೆ ದೇಹದಲ್ಲಿ ಇನ್ನೊಂದು ಖಾತೆ ಇದೆ, ಅದು ಉಪ್ಪಿನದು. ಎರಿಹೊಲದಲ್ಲಿ ಹಗಲಿಡೀ ದುಡಿದವನು ನೀರನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಒಂದು ಲೀಟರ್ ಬೆವರಿನ ಜೊತೆ 1ರಿಂದ 4 ಗ್ರಾಂ ಉಪ್ಪೂ ಹೋಗುತ್ತದೆ. ಅವನು ಬರೇ ನೀರು ಕುಡಿದರೆ ರಕ್ತ ಬೇಗ ತೆಳುವಾಗುತ್ತದೆ. ಮೆದುಳು ಸಾಕೆನ್ನುತ್ತದೆ, ನೀರಡಿಕೆ ನಿಲ್ಲುತ್ತದೆ. ಆದರೆ ಮೈಯೊಳಗಿನ ಒಟ್ಟು ದ್ರವ ಇನ್ನೂ ಕಡಿಮೆಯೇ ಇರುತ್ತದೆ, ಏಕೆಂದರೆ ನೀರನ್ನು ಹಿಡಿದಿಡಲು ಉಪ್ಪಿಲ್ಲ. ಆಗ ಮೂತ್ರಪಿಂಡ ರೆನಿನ್ ಎಂಬ ವಸ್ತುವನ್ನು ಬಿಡುತ್ತದೆ. ಅದರಿಂದ ಹುಟ್ಟುವ ಆಂಜಿಯೊಟೆನ್ಸಿನ್ ಮೆದುಳಿಗೆ ನೀರನ್ನೂ ಉಪ್ಪನ್ನೂ ಕೇಳುವಂತೆ ಹೇಳುತ್ತದೆ. ಅಡ್ರಿನಲ್ ಗ್ರಂಥಿಯ ಆಲ್ಡೊಸ್ಟಿರೋನ್ ಬೆವರಿನಲ್ಲೂ ಮೂತ್ರದಲ್ಲೂ ಉಪ್ಪು ಪೋಲಾಗದಂತೆ ಬಿಗಿ ಹಿಡಿಯುತ್ತದೆ. ಈ ಗ್ರಂಥಿಯನ್ನೇ ತೆಗೆದ ಇಲಿಗಳು ತಾವಾಗಿ ಉಪ್ಪುನೀರನ್ನು ಆರಿಸಿ ಕುಡಿದು ಜೀವ ಉಳಿಸಿಕೊಂಡದ್ದನ್ನು ಕರ್ಟ್ ರಿಕ್ಟರ್ 1936ರಲ್ಲಿ ವರದಿ ಮಾಡಿದರು.

ಅದೇ ವರ್ಷ ಇಂಗ್ಲೆಂಡಿನ ಮ್ಯಾಕ್ಯಾನ್ಸ್ ಎಂಬ ವೈದ್ಯ ಇನ್ನಷ್ಟು ಧೈರ್ಯದ ಪ್ರಯೋಗವನ್ನು ಪ್ರಕಟಿಸಿದರು. ತಾವೂ ಕೆಲವು ಸ್ವಯಂಸೇವಕರೂ ಉಪ್ಪಿಲ್ಲದ ಊಟ ಮಾಡಿ, ದಿನವೂ ಬೆವರು ಹರಿಸಿ, ದೇಹದ ಉಪ್ಪನ್ನು ಬರಿದು ಮಾಡಿಕೊಂಡರು. ಊಟ ಸಪ್ಪೆಯಾಯಿತು, ಮಾಂಸಖಂಡಗಳು ಹಿಡಿದುಕೊಂಡವು, ಎದ್ದು ನಡೆಯುವುದೂ ಬೇಸರವಾಯಿತು. ನೀರಿಗೇನೂ ಕೊರತೆ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಇಷ್ಟು ತಿಳಿದ ಮೇಲೆ ಮಲಪ್ರಭೆಯ ಈ ಸೀಮೆಯ ಇತಿಹಾಸ ಬೇರೆಯಾಗಿ ಕಾಣುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಧಾರಾಕಾರ ಮಳೆಯ ನಡುವೆ ಹುಟ್ಟುವ ಹೊಳೆ ರಾಮದುರ್ಗದ ದಂಡೆಗೆ ಬರುವಷ್ಟರಲ್ಲಿ ಬಯಲುಸೀಮೆಯ ಬಿಸಿಲಿಗೆ ಬಿದ್ದಿರುತ್ತದೆ. ಊಟ ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಲೆ. ಕಾಳು-ಸೊಪ್ಪಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಅತಿ ಕಡಿಮೆ. ಮಾಂಸ ತಿನ್ನುವ ಹುಲಿಗೆ ಬೇಟೆಯ ರಕ್ತದಲ್ಲೇ ಉಪ್ಪು ಸಿಗುತ್ತದೆ. ಹುಲ್ಲು ತಿನ್ನುವ ಎತ್ತಿಗೆ ಸಿಗುವುದಿಲ್ಲ. ಎತ್ತು ಮಾಲೀಕನ ಬೆವರಿದ ಕೈ ನೆಕ್ಕುವುದು ಬರೀ ಪ್ರೀತಿಯಿಂದಲ್ಲ.

ಉಪ್ಪು ಇಲ್ಲಿ ಬೆಳೆಯುವುದಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಿಂದ, ಗೋವೆಯ ಕರಾವಳಿಯಿಂದ ಘಟ್ಟ ಹತ್ತಿ ಬರಬೇಕಿತ್ತು. ಹೇರೆತ್ತುಗಳ ಹಿಂಡು ಹೊಡೆದುಕೊಂಡು ಉಪ್ಪು ತಂದು ಧಾನ್ಯ ಒಯ್ಯುತ್ತಿದ್ದವರು ಲಮಾಣಿಗರು. ಅವರ ಹೆಸರೇ ಲವಣದಿಂದ ಬಂತೆಂದು ಹೇಳುವವರಿದ್ದಾರೆ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಆರ್ಥರ್ ವೆಲ್ಲೆಸ್ಲಿ ಕಿತ್ತೂರು, ಮುನವಳ್ಳಿಯ ಸುತ್ತ ಮಲಪ್ರಭೆ ದಾಟುವ ದಾರಿ ಹುಡುಕುತ್ತಿದ್ದಾಗಲೂ ಅವನ ಸೈನ್ಯದ ಹೊಟ್ಟೆಪಾಡು ನಡೆದದ್ದು ಇಂಥ ಎತ್ತುಗಳ ಬೆನ್ನ ಮೇಲೆಯೇ. ನೆಪೋಲಿಯನ್ನನನ್ನು ಸೋಲಿಸಿದವನ ಕತೆಯಲ್ಲಿ ಈ ಎತ್ತುಗಳ ಹೆಸರು ಬರುವುದು ಕಡಿಮೆ.

ದೂರದಿಂದ ಬರುವ, ಬಿಡಲಾಗದ ವಸ್ತುವಿನ ಮೇಲೆ ಸರ್ಕಾರದ ಕಣ್ಣು ಬೀಳುವುದು ಸಹಜ. ಬಟ್ಟೆ ದುಬಾರಿಯಾದರೆ ಹಳೆಯದನ್ನೇ ಉಡಬಹುದು. ಉಪ್ಪಿನ ವಿಷಯದಲ್ಲಿ ಹಾಗೆ ಮಾಡಲು ಮೆದುಳು ಬಿಡುವುದಿಲ್ಲ. ಕಂಪನಿಯ ಕಾಲದಿಂದಲೂ ಇದ್ದ ಉಪ್ಪಿನ ಸುಂಕದ ಬಲವೆಲ್ಲ ಇಲ್ಲಿತ್ತು. 1876–78ರ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ನಲುಗಿದ್ದವು. ಕಾಮಗಾರಿಗಳಲ್ಲಿ ಬಿಸಿಲಲ್ಲಿ ಕಲ್ಲು ಒಡೆಯುತ್ತಿದ್ದ ಗಂಡಾಳಿಗೆ 1877ರಲ್ಲಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ್ದು ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಅರ್ಧ ಆಣೆ. ಆ ವರ್ಷದ ಕೊನೆಗೆ, ಜನ ಇನ್ನೂ ಚೇತರಿಸಿಕೊಳ್ಳುವ ಮೊದಲೇ, ಮುಂಬಯಿ ಮತ್ತು ಮದರಾಸು ಪ್ರಾಂತಗಳಲ್ಲಿ ಉಪ್ಪಿನ ಸುಂಕವನ್ನು ಮಣಕ್ಕೆ 1 ರೂಪಾಯಿ 13 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿಸಲಾಯಿತು.

ಲೆಕ್ಕ ಹಾಕಿ ನೋಡೋಣ. ಮಣಕ್ಕೆ 40 ಸೇರು. 2 ರೂಪಾಯಿ 8 ಆಣೆ ಎಂದರೆ 40 ಆಣೆ. ಸೇರಿಗೆ ಸರಿಯಾಗಿ ಒಂದಾಣೆ ಸುಂಕ, ಉಪ್ಪಿನ ಬೆಲೆ ಬೇರೆ. ಒಬ್ಬನಿಗೆ ಸೇರು ಉಪ್ಪು ಎರಡು ತಿಂಗಳಿಗೂ ಮಿಕ್ಕಿ ಬರುತ್ತದೆ, ಇದೇನು ಮಹಾ ಭಾರ ಎಂದು ಸುಂಕದ ಸಮರ್ಥಕರು ಕೇಳುತ್ತಿದ್ದರು. ಕಾಗದದ ಮೇಲೆ ಮಾತು ಸರಿ. ಆದರೆ ಐದು ಜನರ ಸಂಸಾರಕ್ಕೆ ಆ ಸೇರು ಎರಡು ವಾರದಲ್ಲಿ ತೀರುತ್ತದೆ. ಆ ಒಂದಾಣೆ ಕಾಮಗಾರಿಯ ಆಳಿನ ಎರಡು ದಿನದ ಮೇಲುಖರ್ಚಿನ ದುಡ್ಡು. ದನಗಳ ಪಾಲು ಬೇರೆ. ತಂಪಿನಲ್ಲಿ ಕೂತವನಿಗಿಂತ ಬೆವರು ಸುರಿಸುವವನಿಗೆ ಉಪ್ಪು ಹೆಚ್ಚು ಬೇಕು, ಆದ್ದರಿಂದ ಇದು ಆದಾಯದ ಮೇಲಿನ ತೆರಿಗೆಯಾಗಿರದೆ ಬೆವರಿನ ಮೇಲಿನ ತೆರಿಗೆಯಾಗಿತ್ತು.

1878ರಲ್ಲಿ ಪೋರ್ಚುಗೀಸರೊಂದಿಗೆ ಆದ ಒಪ್ಪಂದದಿಂದ ಗೋವೆಯ ಉಪ್ಪೂ ಬ್ರಿಟಿಷರ ಹಿಡಿತಕ್ಕೆ ಬಂತು. ಘಟ್ಟದ ಆ ಬಾಗಿಲೂ ಹಲವು ವರ್ಷ ಮುಚ್ಚಿದಂತಾಯಿತು. ಭಾವೆ ಮನೆತನದ ಸಂಸ್ಥಾನವಾಗಿದ್ದ ರಾಮದುರ್ಗಕ್ಕೂ ಕಡಲಿನ ದಾರಿ ಬ್ರಿಟಿಷ್ ನೆಲದ ಮೇಲೆಯೇ ಹಾದಿತ್ತು. ಸುಂಕದ ಏರಿಳಿತದ ಮುಂದಿನ ಕತೆ ದೀರ್ಘವಾದದ್ದು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಕಾಯಿದೆ ಮುರಿದು ಉಪ್ಪು ಮಾಡಿದ್ದು ಎಲ್ಲರಿಗೂ ಗೊತ್ತು. 1947ರಲ್ಲಿ ಸುಂಕ ರದ್ದಾಯಿತು.

ಇನ್ನು ಅರವಟ್ಟಿಗೆಯ ವಿಷಯ. ಕನ್ನಡ ಶಾಸನಗಳು ಇದನ್ನು ‘ಅರವಂಟಿಗೆ’ ಎನ್ನುತ್ತವೆ. ಅದಕ್ಕೆ ದತ್ತಿ ಬಿಟ್ಟ ಉಲ್ಲೇಖಗಳಿವೆ. ಬಿಸಿಲಿನಿಂದ ಬಂದವರಿಗೆ ಬರೇ ನೀರು ಕೊಡಬಾರದು, ಬೆಲ್ಲದ ಚೂರು ಜೊತೆಗಿರಬೇಕು ಎಂಬುದು ಈ ಕಡೆಯ ಮನೆಗಳ ರೂಢಿ. ಇದನ್ನೇ ಹಿರಿಯರ ವಿಜ್ಞಾನ ಎಂದು ಕೊಂಡಾಡುವವರೂ ಉಂಟು. ಅರ್ಧ ಮಾತ್ರ ನಿಜ. ಬೆಲ್ಲದಲ್ಲಿ ಸಕ್ಕರೆ ಅಂಶ ಹೆಚ್ಚು, ಸೋಡಿಯಂ ಬಹಳ ಕಡಿಮೆ. ಉಪ್ಪು ಹಾಕಿದ ನೀರುಮಜ್ಜಿಗೆ, ಅಂಬಲಿಗಳೇ ಲೆಕ್ಕಕ್ಕೆ ಹೆಚ್ಚು ಹತ್ತಿರ. ಕರುಳಿನಲ್ಲಿ ಸಕ್ಕರೆಯೂ ಉಪ್ಪೂ ಕೈಹಿಡಿದು ಒಟ್ಟಿಗೆ ಒಳಹೋಗುತ್ತವೆ, ನೀರು ಅವುಗಳನ್ನು ಹಿಂಬಾಲಿಸುತ್ತದೆ ಎಂಬುದು 1960ರ ನಂತರವೇ ಸ್ಪಷ್ಟವಾದದ್ದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಇದನ್ನೇ ನೆಚ್ಚಿ ಉಪ್ಪು-ಸಕ್ಕರೆ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಸಾವಿನ ಪ್ರಮಾಣ ತೀವ್ರವಾಗಿ ಇಳಿಯಿತು. ಇಂದಿನ ಓಆರ್‌ಎಸ್ ಪೊಟ್ಟಣದ ಹಿಂದಿರುವುದು ಇದೇ ಅನುಭವ.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಿದ್ದು ಐವತ್ತು ವರ್ಷ ದಾಟಿತು. ಉಪ್ಪು ಈಗ ಕಿರಾಣಿ ಅಂಗಡಿಯ ಅಗ್ಗದ ಸಾಮಾನುಗಳಲ್ಲಿ ಒಂದು. ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಉಪ್ಪು ಸಿಗದ ಕಾಲಕ್ಕೆ ತಯಾರಾದ ಮೆದುಳಿಗೆ ‘ಉಪ್ಪು ಬೇಕು’ ಎನ್ನುವುದು ಬಂದಷ್ಟು ಚೆನ್ನಾಗಿ ‘ಸಾಕು’ ಎನ್ನುವುದು ಬರುವುದಿಲ್ಲ. ರಕ್ತದೊತ್ತಡದ ಗುಳಿಗೆ ನುಂಗುವವರು ಹಳ್ಳಿಗಳಲ್ಲೂ ಸಿಗುತ್ತಾರೆ. ವಯಸ್ಸಾದಂತೆ ನೀರಡಿಕೆಯ ಎಚ್ಚರವೂ ಮಂದವಾಗುತ್ತದೆ. ಗುಡ್ಡಕ್ಕೆ ಬರುವ ಅಜ್ಜ-ಅಜ್ಜಿಯರು ನೀರು ಬೇಡವೆಂದರೂ ಅವರ ಮೈ ಬೇಡವೆಂದಿರುವುದಿಲ್ಲ. ಅರವಟ್ಟಿಗೆಯವರು ಕೇಳದವರಿಗೂ ಕರೆದು ತಂಬಿಗೆ ಕೊಡುತ್ತಾರೆ.