ವೋಟಿಗೆ ನೋಟು: 1920ರ ಕಾನೂನಿನ ಕಟ್ಟು

ಮತದಾರರಿಗೆ ಲಂಚ ಕೊಡುವುದು ದಂಡ ಸಂಹಿತೆಯಲ್ಲಿ ಅಪರಾಧವಾಗಿ ಸೇರಿದ್ದು 1920ರಲ್ಲಿ. ಮಾಂಟೆಗ್ಯು-ಚೆಲ್ಮ್ಸ್‌ಫರ್ಡ್ ಸುಧಾರಣೆಯ ಮೇರೆಗೆ ಆ ವರ್ಷದ ಕೊನೆಗೆ ಶಾಸನಸಭೆಗಳಿಗೆ ಚುನಾವಣೆ ನಡೆಯುವುದಿತ್ತು. ಅದಕ್ಕೆ ಮುನ್ನ ಸೇರಿಸಿದ 9-ಎ ಅಧ್ಯಾಯವು ಲಂಚ, ಅನುಚಿತ ಪ್ರಭಾವ, ಕಳ್ಳಮತ, ಖರ್ಚಿನ ಲೆಕ್ಕ ಇಡದಿರುವುದು ಎಲ್ಲವನ್ನೂ ಹೆಸರಿಸಿತು. ಲಂಚಕ್ಕೆ ಗರಿಷ್ಠ ಒಂದು ವರ್ಷ ಸಜೆ. ಅದೇ ಲಂಚ ಊಟ, ಮದ್ಯ, ಮನರಂಜನೆಯ ರೂಪದಲ್ಲಿದ್ದರೆ ದಂಡ ಮಾತ್ರ.

ಶಿಕ್ಷೆ ಹಗುರವಾದುದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. 1898ರ ದಂಡ ಪ್ರಕ್ರಿಯಾ ಸಂಹಿತೆಯ 196ನೇ ಕಲಮಿನಂತೆ, ಕಳ್ಳಮತವೊಂದನ್ನು ಬಿಟ್ಟು ಈ ಅಧ್ಯಾಯದ ಯಾವ ಅಪರಾಧವನ್ನೂ ಸರ್ಕಾರದ ಆದೇಶವಿಲ್ಲದೆ ನ್ಯಾಯಾಲಯ ಕೈಗೆತ್ತಿಕೊಳ್ಳುವಂತಿರಲಿಲ್ಲ. ವಸಾಹತು ಆಡಳಿತದಲ್ಲಿ ಇದು ಸೇಡಿನ ಮೊಕದ್ದಮೆಗಳಿಗೆ ತಡೆ ಎನಿಸಿರಬಹುದು. ಸ್ವಾತಂತ್ರ್ಯಾನಂತರ ಸರ್ಕಾರ ನಡೆಸುವವರೇ ಚುನಾವಣೆ ಗೆದ್ದವರು. ಅವರ ಗೆಲುವಿನ ಬಗ್ಗೆ ದೂರು ಕೊಡಲು ಅವರದೇ ಅಪ್ಪಣೆ ಬೇಕಾಯಿತು. 1973ರ ಹೊಸ ಸಂಹಿತೆ ಈ ಅಡ್ಡಿಯನ್ನು ತೆಗೆದುಹಾಕಿತಾದರೂ ಲಂಚವನ್ನು ಅಸಂಜ್ಞೇಯ ಅಪರಾಧವಾಗಿಯೇ ಉಳಿಸಿತು.

ಹಾಗೆಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮತದಾನದ ಹಿಂದಿನ ರಾತ್ರಿ ಹಣ ಹಂಚುವವರು ಸಿಕ್ಕಿಬಿದ್ದಾಗ ಈ ನಿಯಮ ಪಾಲಿಸುವುದು ಎಷ್ಟು ಕಷ್ಟವೆಂದು ಠಾಣೆಯವರಿಗೇ ಗೊತ್ತು. ಆದೇಶವೂ ವಿವೇಚನೆಯಿಂದ ಕೂಡಿರಬೇಕು. ಪೊಲೀಸರ ಮನವಿಯ ಮೇಲೆ ‘ಅನುಮತಿಸಿದೆ’ ಎಂದಷ್ಟೇ ಬರೆದುಕೊಡುವ ರೂಢಿಯನ್ನು ಕರ್ನಾಟಕ ಹೈಕೋರ್ಟ್ ಒಪ್ಪಿಲ್ಲ. ಅಂಥ ಪ್ರಕರಣಗಳು ಸಾಕ್ಷ್ಯದ ಹಂತಕ್ಕೆ ಬರುವ ಮೊದಲೇ ರದ್ದಾಗಿವೆ. ಹೈಕೋರ್ಟ್ ನಿಲುವು ಸರಿಯೇ. ದೋಷ ಕಾನೂನಿನ ವರ್ಗೀಕರಣದಲ್ಲಿದೆ. ಇದರ ಮೇಲೆ ಕಾಲಮಿತಿ ಬೇರೆ: ಒಂದು ವರ್ಷದವರೆಗಿನ ಸಜೆಯ ಅಪರಾಧಕ್ಕೆ ಒಂದು ವರ್ಷ, ದಂಡ ಮಾತ್ರವಿರುವ ಅಪರಾಧಕ್ಕೆ ಆರೇ ತಿಂಗಳು. ಬಾಡೂಟದ ಪ್ರಕರಣ ಆರು ತಿಂಗಳೊಳಗೆ ನ್ಯಾಯಾಲಯ ಮುಟ್ಟದಿದ್ದರೆ ಅಲ್ಲಿಗೆ ಮುಗಿಯಿತು.

ಸಾಕ್ಷಿಯ ಪ್ರಶ್ನೆ ಇನ್ನೂ ಜಟಿಲ. ಕೊಟ್ಟವರಂತೆ ತೆಗೆದುಕೊಂಡವರೂ ಅಪರಾಧಿಗಳು. ‘ನನ್ನ ಕೈಗೆ ಹಣ ಕೊಟ್ಟರು’ ಎಂದು ಮತದಾರ ಹೇಳಿದರೆ ತನ್ನ ಮೇಲೆಯೇ ಆರೋಪ ಎಳೆದುಕೊಂಡಂತೆ. 1951ರ ಪ್ರಜಾಪ್ರತಿನಿಧಿ ಕಾಯ್ದೆ ಇದನ್ನು ಅರಿತಿತ್ತು. ಚುನಾವಣಾ ತಕರಾರು ಅರ್ಜಿಯ ವಿಚಾರಣೆಯಲ್ಲಿ ಎಲ್ಲ ಪ್ರಶ್ನೆಗಳಿಗೂ ನಿಜ ಹೇಳಿದ ಸಾಕ್ಷಿಗೆ ರಕ್ಷಣೆಯ ಪ್ರಮಾಣಪತ್ರ ಕೊಡಲು ಅದರ 95ನೇ ಕಲಂ ಅವಕಾಶ ನೀಡುತ್ತದೆ. ಕ್ರಿಮಿನಲ್ ಮೊಕದ್ದಮೆಯ ಸಾಕ್ಷಿಗೆ ಅಂಥ ಪ್ರಮಾಣಪತ್ರವಿಲ್ಲ. ಆದ್ದರಿಂದ ಕೂಲಿಕಾರ ಹೆಣ್ಣುಮಗಳೊಬ್ಬಳು ನ್ಯಾಯಾಲಯದಲ್ಲಿ ತಿರುಗಿ ನಿಂತರೆ ಅವಳನ್ನು ದೂರುವುದು ನನಗೆ ನ್ಯಾಯವೆನಿಸುವುದಿಲ್ಲ.

ಮನಸ್ಸು ಮಾಡಿದರೆ ಕಾನೂನು ಬದಲಾಗುತ್ತದೆ ಎಂಬುದಕ್ಕೆ ಮತಗಟ್ಟೆ ವಶದ ಉದಾಹರಣೆ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 1989ರ ತಿದ್ದುಪಡಿ ಅದಕ್ಕೆ ಪ್ರತ್ಯೇಕ ಕಲಂ ತಂದಿತು. ಅಂಥಲ್ಲಿ ಚುನಾವಣೆಯನ್ನೇ ರದ್ದುಪಡಿಸುವ ಅಧಿಕಾರ ಚುನಾವಣಾ ಆಯೋಗಕ್ಕೆ ಸಿಕ್ಕಿತು. ಆ ಅಪರಾಧ ಈಗ ಸಂಜ್ಞೇಯ. ಹಣದ ವಿಚಾರದಲ್ಲಿ ಅಂಥ ಕಲಂ ಬರಲಿಲ್ಲ. 2019ರ ಏಪ್ರಿಲ್‌ನಲ್ಲಿ ತಮಿಳುನಾಡಿನ ವೆಲ್ಲೂರು ಲೋಕಸಭಾ ಚುನಾವಣೆಯನ್ನು ಹಣದ ಕಾರಣಕ್ಕೆ ರದ್ದುಪಡಿಸಲು ಸಂವಿಧಾನದ 324ನೇ ವಿಧಿಯ ಸಾಮಾನ್ಯ ಅಧಿಕಾರವನ್ನೇ ಆಧರಿಸಬೇಕಾಯಿತು. ಅಲ್ಲಿ ಆಗಸ್ಟ್ 5ರಂದು ಮತ್ತೆ ಮತದಾನ ನಡೆಯಿತು.

ಕರ್ನಾಟಕದ 2023ರ ವಿಧಾನಸಭಾ ಚುನಾವಣೆಯಲ್ಲಿ 375 ಕೋಟಿ ರೂಪಾಯಿಗೂ ಹೆಚ್ಚು ಮೌಲ್ಯದ ನಗದು, ಮದ್ಯ, ಉಡುಗೊರೆ ಮುಂತಾದವನ್ನು ಜಪ್ತಿ ಮಾಡಲಾಯಿತೆಂದು ಆಯೋಗ ಪ್ರಕಟಿಸಿತು. ಜಪ್ತಿಗೆ ಸಿಗುವ ಪ್ರಚಾರ ಅದರ ಹಿಂದಿನ ಮೊಕದ್ದಮೆಗಳಿಗೆ ಸಿಗುವುದಿಲ್ಲ.

ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಲೆಕ್ಕ ಇಡದಿದ್ದಕ್ಕೆ ನೂರು ವರ್ಷಗಳಿಂದ ಇದ್ದ 500 ರೂಪಾಯಿ ದಂಡವನ್ನು 5,000ಕ್ಕೆ ಏರಿಸಿತು. ಲಂಚದ ಶಿಕ್ಷೆ ಒಂದೇ ವರ್ಷವಾಗಿ ಉಳಿಯಿತು. ಅಪರಾಧ ಇಂದಿಗೂ ಅಸಂಜ್ಞೇಯವೇ. ಹಂಚುವವರ ಅಪರಾಧವನ್ನು ಸಂಜ್ಞೇಯಗೊಳಿಸಿ, ನಿಜ ಹೇಳುವ ಮತದಾರರಿಗೆ 95ನೇ ಕಲಮಿನ ರಕ್ಷಣೆಯನ್ನು ಕ್ರಿಮಿನಲ್ ನ್ಯಾಯಾಲಯಕ್ಕೂ ವಿಸ್ತರಿಸಬೇಕು. ಈ ಎರಡು ತಿದ್ದುಪಡಿಗಳನ್ನು ಸಂಸತ್ತು ಒಟ್ಟಿಗೇ ತರಬೇಕು.